ಬಯಲು ದೇಶದ ಮೆಟ್ಟಿಲು

ಹಾಸನ

ಮೆಟ್ಟಿಲು ಕಂಡರೆ ನನಗೆ ಬಾಯಿ ಒಣಗುತ್ತದೆ. ಹಾವಿಗೆ ಹೆದರುವವಳಲ್ಲ, ಗುಡುಗಿಗೆ ಹೆದರುವವಳಲ್ಲ, ಹತ್ತನೇ ತರಗತಿಯ ಹುಡುಗರಿಗಂತೂ ಮೊದಲೇ ಅಲ್ಲ. ಆದರೆ ಎಲ್ಲಿಗಾದರೂ ಹೊರಟೆವೆಂದರೆ ಊಟ ಹೇಗೆ, ನೋಡುವುದಕ್ಕೆ ಏನಿದೆ ಎಂದು ನಾನು ಕೇಳುವುದಿಲ್ಲ. ಬಾಗಿಲ ಮುಂದೆ ಮೆಟ್ಟಿಲಿದೆಯೇ, ಬಚ್ಚಲ ಬಾಗಿಲು ಎಷ್ಟು ಅಗಲ ಎಂದು ಕೇಳುತ್ತೇನೆ. ಮೂರು ವರ್ಷದ ಮಗುವಾಗಿದ್ದಾಗ ಕೊಣನೂರಿನಲ್ಲಿ ಜ್ವರ ಬಂದು, ಪೋಲಿಯೋ ಆಗಿ, ಎರಡು ಕಾಲೂ ಹೋದವು. ಈಗ ಗಾಲಿಕುರ್ಚಿಯಲ್ಲಿ ಕೂತು ಹೊಳೆನರಸೀಪುರದ ಹೈಸ್ಕೂಲಿನಲ್ಲಿ ಭೂಗೋಳ ಹೇಳಿಕೊಡುತ್ತೇನೆ. ಲೋಕದ ನದಿಗಳೆಲ್ಲ ನನಗೆ ಬಾಯಿಪಾಠ. ಊರ ಪಕ್ಕದ ಹೇಮಾವತಿಯ ಮೆಟ್ಟಿಲಿಳಿದು ನೀರು ಮುಟ್ಟಿದವಳಲ್ಲ.

ಶಾಲೆಯಿಂದ ಪ್ರತಿ ವರ್ಷ ಪ್ರವಾಸ ಹೋಗುತ್ತೇವೆ. ಮಕ್ಕಳು, ಮೇಷ್ಟ್ರುಗಳು ದೇವಸ್ಥಾನ ಹತ್ತಿ ಹೋಗುತ್ತಾರೆ; ನಾನು ಬಸ್ಸಿನಲ್ಲಿ ಕೂತು ಎಲ್ಲರ ಚಪ್ಪಲಿ, ಬ್ಯಾಗು ಕಾಯುತ್ತೇನೆ. ಆಮೇಲೆ ಬಂದವರು ಒಳಗೆ ಏನೇನಿತ್ತೆಂದು ನನಗೆ ವರದಿ ಒಪ್ಪಿಸುತ್ತಾರೆ. ಹಾಗಾಗಿ ಪ್ರವಾಸ ಅಂದರೆ ನನಗೆ ಬಸ್ಸಿನ ಕಿಟಕಿಯೇ.

ಒಂದು ದೇಶದ ಹುಚ್ಚು ಮಾತ್ರ ತಲೆಗೆ ಹತ್ತಿತ್ತು. ಹಾಲೆಂಡ್. ಸಮುದ್ರವನ್ನು ಆಚೆಗೆ ನೂಕಿ, ಏರಿ ಕಟ್ಟಿ, ಸಮುದ್ರದ ತಳದಲ್ಲಿ ಹೊಲ ಮಾಡಿಕೊಂಡ ಜನ. ಆ ಪಾಠ ಬಂದಾಗ ಬೋರ್ಡಿನ ಮೇಲೆ ಏರಿಯ ಚಿತ್ರ ಬರೆದು, ಎಡಗಡೆ ನೀರು ಮೇಲೆ, ಬಲಗಡೆ ಹಸು ಕೆಳಗೆ ಎಂದು ತೋರಿಸುತ್ತಿದ್ದೆ. ಮಕ್ಕಳು ನಂಬುತ್ತಿರಲಿಲ್ಲ. ಒಂದು ಸಲ ಪಾಠ ಮಾಡುತ್ತಲೇ ನನಗೊಂದು ಯೋಚನೆ ಬಂತು. ಗುಡ್ಡ ಇಲ್ಲ, ಬೆಟ್ಟ ಇಲ್ಲ, ಕಣ್ಣಿಗೆ ಕಾಣುವಷ್ಟೂ ಬಯಲು. ಗುಡ್ಡವೇ ಇಲ್ಲದ ಕಡೆ ಮೆಟ್ಟಿಲೇಕೆ ಇರುತ್ತದೆ ಎಂದು ಲೆಕ್ಕ ಹಾಕಿದೆ. ನಾನು ಹೋಗಬಹುದಾದ ದೇಶ ಅದೊಂದೇ ಎಂದು ತೀರ್ಮಾನಕ್ಕೆ ಬಂದೆ.

ಜೊತೆಗೆ ಬರುವವನು ಅಣ್ಣಯ್ಯನೇ. ಚನ್ನರಾಯಪಟ್ಟಣದಲ್ಲಿ ತೆಂಗಿನಕಾಯಿ ವ್ಯಾಪಾರ ಮಾಡುವ ಪುಟ್ಟೇಗೌಡ, ನನಗಿಂತ ಆರು ವರ್ಷಕ್ಕೆ ದೊಡ್ಡವನು. ನಾನು ಶಾಲೆಗೆ ಹೋಗಿದ್ದು, ಕಾಲೇಜಿಗೆ ಹೋಗಿದ್ದು ಅವನ ಬೆನ್ನಿನ ಮೇಲೆಯೇ. ಉಪ್ಪು ಮೂಟೆ ಎನ್ನುತ್ತಿದ್ದ. ಮೂಟೆ ದಪ್ಪವಾಗುತ್ತಾ ಬಂತು, ಹೊರುವವನಿಗೆ ವಯಸ್ಸಾಗುತ್ತಾ ಬಂತು. ಅವನು ಅದನ್ನು ಒಪ್ಪಲಿಲ್ಲ. ನಾವು ಹೊರಡುವ ಹಿಂದಿನ ವರ್ಷ ಅವನ ಎದೆಗೆ ಸ್ಟೆಂಟ್ ಹಾಕಿದ್ದರು. ಭಾರ ಎತ್ತಕೂಡದು ಎಂದು ಡಾಕ್ಟರು ನನ್ನ ಎದುರಿಗೇ ಹೇಳಿದ್ದರು. ಕೋಲೆ ಬಸವನ ಹಾಗೆ ತಲೆಯಾಡಿಸಿ ಆಸ್ಪತ್ರೆಯಿಂದ ಹೊರಗೆ ಬಂದವನು ಮೊದಲು ಎತ್ತಿದ್ದು ನನ್ನನ್ನೇ, ಕಾರಿಗೆ ಕೂರಿಸುವುದಕ್ಕೆ. ಅವತ್ತಿನಿಂದ ನನಗೆ ಮೆಟ್ಟಿಲಿನ ಭಯದ ಜೊತೆಗೆ ಇನ್ನೊಂದು ಸೇರಿಕೊಂಡಿತು. ಎಲ್ಲೋ ಒಂದು ಮೆಟ್ಟಿಲ ಮೇಲೆ, ನನ್ನ ಭಾರಕ್ಕೆ, ಅಣ್ಣಯ್ಯನ ಎದೆ ನಿಂತುಹೋದರೆ?

ವೀಸಾಕ್ಕೆ ಹೋಟೆಲಿನ ಕೋಣೆ ಮೊದಲೇ ಗೊತ್ತುಮಾಡಿರಬೇಕಿತ್ತು. ಇಂಟರ್‌ನೆಟ್ಟಿನಲ್ಲಿ ರಿಯಾಯಿತಿ ದರಕ್ಕೆ ಕೋಣೆ ಕೊಡಿಸುವ ಸೈಟುಗಳಿವೆ ಎಂದು ಯಾರೋ ಅಣ್ಣಯ್ಯನ ಕಿವಿಗೆ ಹಾಕಿದ್ದರು. ಅಗ್ಗ ಎಂಬ ಮಾತು ಬಿದ್ದರೆ ಅವನಿಗೆ ಹಸಿವು ನಿದ್ದೆ ಇಲ್ಲ. ಹಾಸನದ ಸೈಬರ್ ಸೆಂಟರಿಗೆ ಹೋದೆವು. ಆ ಸೆಂಟರು ಬೇಕರಿಯ ಮೇಲೆ, ಮಹಡಿಯಲ್ಲಿತ್ತು. ನನಗೆ ಮೆಟ್ಟಿಲಿಲ್ಲದ ಕೋಣೆ ಹುಡುಕುವ ಜಾಗಕ್ಕೆ ಹೋಗಲು ಮೆಟ್ಟಿಲು. ನಗಬೇಕೋ ಅಳಬೇಕೋ ತಿಳಿಯದೆ ನಾನು ಕೆಳಗೆ ಕಾರಿನಲ್ಲಿ ಕೂತು ಖಾರ ಬನ್ನು ತಿಂದೆ.

ಅಣ್ಣಯ್ಯ ಮೇಲೆ ಕಂಪ್ಯೂಟರ್ ನೋಡುವುದು, ಸೆಂಟರಿನ ಹೆಂಗಸು ಪ್ರಿಂಟ್ ತೆಗೆದುಕೊಡುವುದು, ಅವನು ಕೆಳಗಿಳಿದು ನನಗೆ ತೋರಿಸುವುದು, ಹೀಗೆ ನಡೆಯಿತು. ಫೋಟೋಗಳಲ್ಲಿ ಮಂಚವಿತ್ತು, ದಿಂಬಿತ್ತು, ಹೂದಾನಿ ಇತ್ತು. ಬಚ್ಚಲ ಬಾಗಿಲು ಒಂದರಲ್ಲೂ ಇರಲಿಲ್ಲ. ಒಂದು ಹೋಟೆಲಿನ ಹೆಸರಿನ ಪಕ್ಕದಲ್ಲಿ ಮಾತ್ರ ಗಾಲಿಕುರ್ಚಿಯ ಪುಟ್ಟ ಚಿತ್ರವಿತ್ತು. ಅದಕ್ಕೆ ಪೆನ್ನಿನಲ್ಲಿ ಸುತ್ತು ಹಾಕಿ, ಇದನ್ನೇ ಹಿಡಿ ಎಂದು ಕಳಿಸಿದೆ. ಅವನು ಬೇರೆಯದನ್ನೇ ಹಿಡಿದುಕೊಂಡು ಬಂದ.

“ಅದು ಆಸ್ಪತ್ರೆ ಗುರ್ತು ಕಣಮ್ಮಿ. ಓಗೋಕ್ ಮುಂಚೆನೇ ಯಾಕೆ ಅಪಶಕುನ?” ಎಂದ. ಇನ್ನೊಂದು ಹೋಟೆಲು ಬಲು ಅಗ್ಗಕ್ಕಿತ್ತಂತೆ, ಊರ ನಡುವೆ, ಕಾಲುವೆ ದಂಡೆಯಲ್ಲಿ. ಒಂದೇ ಕೋಣೆ ಉಳಿದಿದೆ, ಈಗ ನಾಲ್ಕು ಜನ ನೋಡುತ್ತಿದ್ದಾರೆ ಎಂದು ಕೆಂಪಕ್ಷರದಲ್ಲಿ ಬಂತಂತೆ. ಅಣ್ಣಯ್ಯನ ಆಯುಷ್ಯವೆಲ್ಲ ಹರಾಜಿನ ಕಟ್ಟೆಯಲ್ಲಿ ಕಳೆದದ್ದು. ಪಕ್ಕದಲ್ಲಿ ಇನ್ನು ನಾಲ್ಕು ಜನ ನಿಂತಿದ್ದಾರೆ ಎಂದರೆ ಅವನಿಗೆ ಯೋಚನೆ ಮಾಡಲು ಬರುವುದಿಲ್ಲ, ಕೂಗಿಯೇ ಬಿಡುತ್ತಾನೆ. ಇಲ್ಲೂ ಅಷ್ಟೇ, ಗುಂಡಿ ಒತ್ತಿಸಿಬಿಟ್ಟಿದ್ದ. ವಾಪಸ್ಸು ಕೊಡುವ ಮಾತಿಲ್ಲ ಎಂದು ಕೆಳಗೆ ಸಣ್ಣಕ್ಷರದಲ್ಲಿತ್ತು.

ನನ್ನ ವಿಷಯ ಹೇಳಿದೆಯಾ ಎಂದು ಕೇಳಿದೆ. ಬೇಡಿಕೆ ಬರೆಯುವುದಕ್ಕೆ ಒಂದು ಖಾನೆ ಇತ್ತಂತೆ.

“ಕಾಲು ವಸಿ ನೋವು, ದಯವಿಟ್ಟು ಅಡ್ಜಸ್ಟ್ ಮಾಡ್ಕೊಳ್ಳಿ ಅಂತ ಬರ್ಸಿವ್ನಿ,” ಎಂದ.

ವಸಿ ನೋವು, ಅಂದರೆ ಸ್ವಲ್ಪ ನೋವು. ನಮ್ಮ ಮನೆಯಲ್ಲಿ ನನ್ನ ಕಾಲಿಗೆ ಇರುವ ಹೆಸರೇ ಅದು. ಅವ್ವ ಶುರುಮಾಡಿದ ಮಾತು. ಅಕ್ಕಂದಿರನ್ನು ನೋಡಲು ಗಂಡಿನ ಕಡೆಯವರು ಬಂದಾಗ ನನ್ನನ್ನು ಕಣಜದ ಕೋಣೆಯಲ್ಲಿ ಕೂರಿಸುತ್ತಿದ್ದರು; ಯಾರಾದರೂ ಕೇಳಿದರೆ ಪದ್ಮಂಗೆ ಕಾಲು ವಸಿ ನೋವು, ಮಲಗವ್ಳೆ ಎನ್ನುತ್ತಿದ್ದರು. ಅಕ್ಕಂದಿರ ಮದುವೆ ಆಗಿ, ಅವರ ಮಕ್ಕಳ ಮದುವೆಯೂ ಆಯಿತು. ಆ ಮಾತು ಮಾತ್ರ ನಮ್ಮ ನಾಲಗೆಯಿಂದ ಇಳಿಯಲಿಲ್ಲ. ಎಲ್ಲಿಗೆ ಹೋದರೂ ಅಣ್ಣಯ್ಯ ವಸಿ ನೋವು, ಅಡ್ಜಸ್ಟ್ ಮಾಡಿ ಎನ್ನುತ್ತಾನೆ. ಅರಸೀಕೆರೆಯ ಲಾಡ್ಜಿನವರಾಗಲಿ, ಅರಕಲಗೂಡಿನ ಛತ್ರದವರಾಗಲಿ ನನ್ನನ್ನು ಕಂಡ ತಕ್ಷಣ ಅರ್ಥಮಾಡಿಕೊಂಡು, ಇಬ್ಬರು ಬಂದು ಕುರ್ಚಿ ಹಿಡಿದು ಎತ್ತುತ್ತಾರೆ. ಹಾಲೆಂಡಿನಲ್ಲೂ ಹಾಗೇ ಎಂದು ಅವನು ನಂಬಿದ್ದ. ನನಗೆ ಅಂದೇ ಅನುಮಾನ ಬಂತು, ಆದರೆ ಅಷ್ಟು ಬಯಲು ದೇಶ, ಏನಾದೀತು ಎಂದುಕೊಂಡು ಸುಮ್ಮನಾದೆ.

ಆಕಾಶ

ವಿಮಾನದ ಬಗ್ಗೆ ಹೇಳುವುದು ಹೆಚ್ಚಿಲ್ಲ. ಹೊರಡುವ ಹಿಂದಿನ ಮಧ್ಯಾಹ್ನದಿಂದ ನೀರು ಬಿಟ್ಟಿದ್ದೆ. ನನ್ನಂಥವರಿಗೆ ಪ್ರಯಾಣದ ಮೊದಲ ಸಿದ್ಧತೆ ಇದೇ. ಗಗನಸಖಿ ಬಂದು ಜ್ಯೂಸು ಬೇಕೇ, ನೀರು ಬೇಕೇ ಎಂದು ಪಾಪ ಎಷ್ಟು ಸಲ ಕೇಳಿದಳೋ, ನಾನು ನಗುತ್ತಲೇ ಬೇಡ ಎಂದೆ. ಅಣ್ಣಯ್ಯ ತನ್ನದೂ ನನ್ನದೂ ಸೇರಿಸಿ ಎಲ್ಲವನ್ನೂ ಕುಡಿದು, ಸೀಟಿನ ಮುಂದಿನ ಪುಟ್ಟ ಟೀವಿಯಲ್ಲಿ ವಿಮಾನ ಯಾವ ದೇಶದ ಮೇಲಿದೆ ಎಂದು ನೋಡುತ್ತಾ, ಕೆಳಗೆ ಕಾಣುವ ಮೋಡಕ್ಕೆಲ್ಲ ನನ್ನಿಂದ ಹೆಸರು ಹೇಳಿಸುತ್ತಿದ್ದ. ಅವನಿಗೆ ನಿದ್ದೆ ಹತ್ತಿದ ಮೇಲೆ ನಾನು ಅವನ ಉಸಿರು ಕೇಳುತ್ತಾ ಕೂತೆ. ಎದೆ ಏರುವುದು, ಇಳಿಯುವುದು ನೋಡಿಕೊಂಡೇ ಕಪ್ಪು ಸಮುದ್ರ ದಾಟಿದೆ.

ಆಮ್‌ಸ್ಟರ್‌ಡ್ಯಾಮ್

ನಿಲ್ದಾಣದಲ್ಲಿ ಇಳಿದಾಗ ನನ್ನ ಲೆಕ್ಕ ಸರಿ ಎನಿಸಿತು. ಎಲ್ಲೆಲ್ಲೂ ನೆಲ ಸಪಾಟು. ಬಾಗಿಲುಗಳು ತಾವೇ ತೆರೆದುಕೊಂಡವು. ಗಾಲಿಕುರ್ಚಿಯ ಗುರುತಿದ್ದ ಶೌಚಾಲಯ ನಮ್ಮ ಸ್ಟಾಫ್ ರೂಮಿನಷ್ಟು ದೊಡ್ಡದಾಗಿತ್ತು. ನನಗೆ ಎಲ್ಲಿಲ್ಲದ ಧೈರ್ಯ ಬಂದು, ಒಂದು ದೊಡ್ಡ ಲೋಟ ಕಾಫಿ ಕುಡಿದೆ. ಸಾಲದೆಂದು ನೀರೂ ಕುಡಿದೆ. ಮೈಮರೆಯುವುದು ಅಂದರೆ ಇದೇ ಇರಬೇಕು.

ಟ್ಯಾಕ್ಸಿ ಕಾಲುವೆಗಳನ್ನು ದಾಟಿಕೊಂಡು ಹೋಯಿತು. ಸಣ್ಣಗೆ ಮಳೆ. ಆ ಮಳೆಯಲ್ಲೇ ಮುದುಕಿಯರು ಬೆನ್ನು ನೆಟ್ಟಗೆ ಮಾಡಿಕೊಂಡು ಸೈಕಲ್ ಹೊಡೆಯುತ್ತಿದ್ದರು. ಮನೆಗಳ ಕಿಟಕಿಗೆ ಪರದೆ ಇಲ್ಲ. ಒಳಗೆ ಊಟ ಮಾಡುವವರು, ಪೇಪರು ಓದುವವರು ಎಲ್ಲ ರಸ್ತೆಗೆ ಕಾಣುತ್ತಾರೆ. ನಮ್ಮಲ್ಲಿ ಹಪ್ಪಳ ಕರಿದರೂ ಬಾಗಿಲು ಮುಂದೆ ಮಾಡುತ್ತೇವೆ. ಈ ಜನಕ್ಕೆ ಮುಚ್ಚಿಡುವುದು ಏನೂ ಇಲ್ಲವೇ ಎಂದು ಅಣ್ಣಯ್ಯ ಕೇಳಿದ. ಅಷ್ಟರಲ್ಲಿ ಟ್ಯಾಕ್ಸಿ ನಿಂತಿತು.

ಮನೆಗಳು ಬೆಂಕಿಪೊಟ್ಟಣ ನಿಲ್ಲಿಸಿದ ಹಾಗೆ ಕಿರಿದಾಗಿ, ಎತ್ತರವಾಗಿದ್ದವು. ನೆಲ ಬಯಲಾದ್ದರಿಂದಲೇ, ಜಾಗ ಸಾಲದೆ, ಇವರು ಮೇಲಕ್ಕೆ ಬೆಳೆಸಿದ್ದಾರೆ. ಭೂಗೋಳದ ಪುಸ್ತಕದಲ್ಲಿ ಇದು ಇರಲಿಲ್ಲ. ನಮ್ಮ ಹೋಟೆಲಿನ ಬಾಗಿಲಿಗೆ ಹೋಗಲು ಕಲ್ಲಿನ ಮೆಟ್ಟಿಲು. ಟ್ಯಾಕ್ಸಿಯವನೂ ಅಣ್ಣಯ್ಯನೂ ಸೇರಿ ಕುರ್ಚಿ ಎತ್ತಿ ಒಳಗಿಟ್ಟರು. ಬಾಗಿಲ ಒಳಗೆ ಕುರ್ಚಿ ತಿರುಗಿಸುವಷ್ಟೂ ಜಾಗವಿಲ್ಲ. ಎದುರಿಗೇ ಮೇಲಕ್ಕೆ ಹೋಗುವ ಮೆಟ್ಟಿಲು. ಮೆಟ್ಟಿಲು ಅನ್ನಬಾರದು, ನಮ್ಮ ಕಡೆ ಅಟ್ಟಕ್ಕೆ ಹಾಕುವ ಏಣಿ ಅದು. ಪಾದ ಪೂರ್ತಿ ಊರುವುದಿಲ್ಲ, ಹಿಡಿದುಕೊಳ್ಳಲು ಪಕ್ಕದಲ್ಲಿ ಒಂದು ಹಗ್ಗ. ಮೇಲೆ ಹೋಗುತ್ತಾ ಹೋಗುತ್ತಾ ತಿರುಗಿ ಕತ್ತಲಾಗಿತ್ತು. ಲಿಫ್ಟು ಎಲ್ಲಿ ಎಂದು ಕೇಳಿದೆ.

ಹೋಟೆಲಿನ ಒಡತಿಯ ಹೆಸರು ಹೆನ್ನಿ. ಐವತ್ತು ದಾಟಿದ, ಗಟ್ಟಿಮುಟ್ಟಾದ ಹೆಂಗಸು, ತೋಳು ಮಡಿಸಿದ ಅಂಗಿ. ಅವಳು ನನ್ನನ್ನೂ ಕುರ್ಚಿಯನ್ನೂ ನೋಡಿ, ನಮ್ಮ ಬುಕಿಂಗ್ ಕಾಗದ ನೋಡಿ, ಮತ್ತೆ ನನ್ನನ್ನು ನೋಡಿದಳು. ಕಾಲಿಗೆ ಸ್ವಲ್ಪ ತೊಂದರೆ ಎಂದು ಬರೆದಿದ್ದೀರಿ, ಅದಕ್ಕೇ ನಿಮ್ಮನ್ನು ನಾಲ್ಕನೆಯ ಮಹಡಿಯಿಂದ ಎರಡನೆಯದಕ್ಕೆ ಇಳಿಸಿದ್ದೇನೆ ಎಂದಳು. ಅಡ್ಜಸ್ಟ್ ಮಾಡಿದ್ದಳು, ಪಾಪ. ಆಮೇಲೆ ಸೊಂಟದ ಮೇಲೆ ಕೈಯಿಟ್ಟು ಸೀದಾ ಕೇಳಿದಳು, ನಿನಗೆ ನಡೆಯಲು ಬರುತ್ತದೋ ಇಲ್ಲವೋ.

ನನ್ನ ಕಿವಿ ಬಿಸಿಯಾಯಿತು. ಊರಲ್ಲಿ ಜನ ಕೇಳುವುದೇ ಬೇರೆ. ಯಾಕಮ್ಮ ಹಿಂಗಾಯ್ತು, ಯಾವ ಡಾಕ್ಟ್ರಿಗೆ ತೋರಿಸಿದ್ರಿ, ಯಾವ ದೇವರಿಗೆ ಹರಕೆ ಹೊತ್ತಿರಿ ಎಂದು ಕೇಳುತ್ತಾರೆ. ಇಲ್ಲವೇ ಕಣ್ಣು ತಪ್ಪಿಸುತ್ತಾರೆ. ಬರುತ್ತದೋ ಇಲ್ಲವೋ ಎಂದು ಯಾರೂ ಕೇಳಿರಲಿಲ್ಲ. ಅಣ್ಣಯ್ಯ ಮುಂದೆ ಬಂದು ತನ್ನ ಇಂಗ್ಲಿಷಿನಲ್ಲಿ ಲಿಟಲ್ ಪೇನ್, ಲಿಟಲ್ ಪೇನ್ ಎಂದ. ಹೆನ್ನಿ ಅವನ ಕಡೆ ತಿರುಗಿ, ನಾನು ಕೇಳಿದ್ದು ಅವಳನ್ನು ಎಂದಳು.

ವಸಿ ಎನ್ನಲೋ, ಇಲ್ಲ ಎನ್ನಲೋ ಎಂದು ನಾನು ತೂಗುತ್ತಿದ್ದೆ. ಅಷ್ಟರಲ್ಲಿ ಅಣ್ಣಯ್ಯ ನನ್ನ ಮುಂದೆ ಬೆನ್ನು ತಿರುಗಿಸಿ ಕುಕ್ಕರುಗಾಲಲ್ಲಿ ಕೂತುಬಿಟ್ಟಿದ್ದ.

“ಬಾರಮ್ಮಿ, ಉಪ್ಪು ಮೂಟೆ.”

ಬೇಡ ಎಂದೆ. ಡಾಕ್ಟರು ಹೇಳಿದ್ದನ್ನು ನೆನಪಿಸಿದೆ. ಅವನಿಗೆ ಅವಮಾನವಾಗಿತ್ತು, ಆ ಹೆಂಗಸಿನ ಮುಂದೆ ಮಾತು ಬೆಳೆಸಲು ಇಷ್ಟವಿರಲಿಲ್ಲ. ನನ್ನ ಎರಡು ಕೈ ಎಳೆದು ಹೆಗಲ ಮೇಲೆ ಹಾಕಿಕೊಂಡು ಎದ್ದೇಬಿಟ್ಟ. ಹೆನ್ನಿ ಏನೋ ಕೂಗಿದಳು, ಅವಳ ಭಾಷೆಯಲ್ಲಿ.

ಮೊದಲ ಕೆಲವು ಮೆಟ್ಟಿಲು ಸಲೀಸಾಗಿ ಹತ್ತಿದ. ಒಂದು ಕೈಯಲ್ಲಿ ಹಗ್ಗ, ಇನ್ನೊಂದು ಕೈ ಹಿಂದಕ್ಕೆ, ನನ್ನ ಕೆಳಗೆ. ನನ್ನ ಕಾಲುಗಳು ಎರಡೂ ಕಡೆ ಗೋಡೆಗೆ ತಾಗುತ್ತಿದ್ದವು. ನಾನು ಹಿಂದಕ್ಕೆ ವಾಲಿದ್ದೆ. ನನ್ನ ಬೆನ್ನ ಹಿಂದೆ ಏನೂ ಇರಲಿಲ್ಲ, ಗಾಳಿ ಅಷ್ಟೇ. ಕೆಳಗೆ ನೋಡಬಾರದು ಎಂದುಕೊಂಡು ಅವನ ಕತ್ತು ನೋಡಿದೆ. ಕತ್ತಿನ ಮೇಲೆ ಬೆವರು ಸಾಲಾಗಿ ಇಳಿಯುತ್ತಿತ್ತು. ಅವನ ಬೆನ್ನಿಗೆ ನನ್ನ ಎದೆ ಅಂಟಿಕೊಂಡಿತ್ತು, ಅವನ ಗುಂಡಿಗೆ ಬಡಿಯುವುದು ನನಗೆ ತಿಳಿಯುತ್ತಿತ್ತು. ಸರಿಯಾಗಿ ಬಡಿಯುತ್ತಿರಲಿಲ್ಲ. ಓಡಿ ಓಡಿ ನಿಲ್ಲುತ್ತಿತ್ತು, ಮತ್ತೆ ಓಡುತ್ತಿತ್ತು.

“ಅಣ್ಣಯ್ಯ, ಇಳ್ಸು ನನ್ನ.”

“ಇನ್ನೊಂದ್ ವಸಿ ಕಣಮ್ಮಿ.”

ಮೆಟ್ಟಿಲು ತಿರುಗುವ ಕಡೆ ಅವನು ನಿಂತ. ಅಲ್ಲಿ ಮೆಟ್ಟಿಲು ಒಂದು ಕಡೆ ಅಗಲ, ಇನ್ನೊಂದು ಕಡೆ ಕತ್ತಿಯಷ್ಟು ಕಿರಿದು. ಮೇಲಕ್ಕೆ ಕಾಲು ಎತ್ತಿದ, ಇಟ್ಟ, ಮತ್ತೆ ಎತ್ತಲು ಹೋದ, ಆಗಲಿಲ್ಲ. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ಅವನು ಬಾಯಲ್ಲಿ ಉಸಿರೆಳೆಯುತ್ತಿದ್ದ. ಆಗ ನನಗೆ ಆದ ಭಯವನ್ನು ಹೇಗೆ ಬರೆಯಲಿ. ನಾನು ಬೀಳುತ್ತೇನೆ ಎಂದಲ್ಲ. ಅತ್ತಿಗೆಗೆ ಏನೆಂದು ಫೋನ್ ಮಾಡಲಿ, ಈ ಅಣ್ಣನನ್ನು ಊರಿಗೆ ಹೇಗೆ ಕೊಂಡೊಯ್ಯಲಿ ಎಂಬಲ್ಲಿಗೆ ಹೋಗಿಬಿಟ್ಟಿತ್ತು ನನ್ನ ತಲೆ. ಅವನು ನನ್ನ ಕೆಳಗೆ ಇನ್ನೂ ನಿಂತೇ ಇದ್ದ.

ಹಿಂದಿನಿಂದ ಏನೋ ಬಂದು ನನ್ನ ಬೆನ್ನಿಗೆ ಒತ್ತಿಕೊಂಡಿತು. ಹೆನ್ನಿಯ ಭುಜ. ಅವಳು ಮೆಟ್ಟಿಲು ಹತ್ತಿ ಬಂದು ಕೆಳಗಿನಿಂದ ನನ್ನನ್ನು ತಡೆದಿದ್ದಳು. ಅವಳ ಆಸರೆಯಲ್ಲಿ ಅಣ್ಣಯ್ಯ ಮೆಲ್ಲಗೆ ಬಗ್ಗಿ ನನ್ನನ್ನು ಮೆಟ್ಟಿಲ ಮೇಲೆ ಕೂರಿಸಿ, ತಾನೂ ಮೇಲಿನ ಮೆಟ್ಟಿಲಿಗೆ ಕುಸಿದ. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಅವನ ಅಂಗಿಯ ಜೇಬಿನಲ್ಲಿ ನಾಲಗೆ ಕೆಳಗಿಡುವ ಮಾತ್ರೆ ಇರುತ್ತದೆಂದು ನನಗೆ ಗೊತ್ತಿತ್ತು. ಕೈ ಚಾಚಿ ತೆಗೆದು ಅವನ ಬಾಯಿಗಿಟ್ಟೆ. ಆಂಬುಲೆನ್ಸ್ ಕರೆಯಲೇ ಎಂದು ಹೆನ್ನಿ ಕೇಳಿದಳು. ಅವನು ಕೈಯಾಡಿಸಿ ಬೇಡ ಎಂದ. ಮೂವರೂ ಆ ಏಣಿಯ ಮೇಲೆ ಒಬ್ಬರ ಕೆಳಗೊಬ್ಬರು ಕೂತಿದ್ದೆವು. ಮೆಲ್ಲಮೆಲ್ಲಗೆ ಅವನ ತುಟಿಗೆ ಬಣ್ಣ ಬಂತು.

ನಾನು ಹೆನ್ನಿಯ ಕಡೆ ತಿರುಗಿ ಅವಳು ಕೇಳಿದ್ದಕ್ಕೆ ಉತ್ತರ ಹೇಳಿದೆ. ನನಗೆ ನಡೆಯಲು ಬರುವುದಿಲ್ಲ, ಒಂದು ಹೆಜ್ಜೆಯೂ ಬರುವುದಿಲ್ಲ, ನೋವೂ ಇಲ್ಲ ಎಂದೆ. ಇಂಗ್ಲಿಷಿನಲ್ಲಿ ಹೇಳಿದ್ದಕ್ಕೋ ಏನೋ, ಸುಲಭವಾಗಿ ಬಂತು. ಅವಳು ಸರಿ ಎಂದಳು, ಇಂದು ಮಳೆ ಎಂದು ಹೇಳಿದಂತೆ ಕೇಳಿಕೊಂಡಳು. ಅಣ್ಣಯ್ಯ ಗೋಡೆ ನೋಡುತ್ತಿದ್ದ.

ಕೆಳಗೆ ನಾನೇ ಇಳಿದೆ. ಚಿಕ್ಕವಳಿದ್ದಾಗ ಅಟ್ಟದಿಂದ ಇಳಿಯುತ್ತಿದ್ದ ಹಾಗೆ, ಕೂತುಕೊಂಡು, ಎರಡು ಕೈಯೂರಿ, ಒಂದೊಂದೇ ಮೆಟ್ಟಿಲು. ಸೀರೆ ಮೊಣಕಾಲಿನ ತನಕ ಏರಿತ್ತು, ಹೆನ್ನಿ ಕೆಳಗಿನಿಂದ ನನ್ನ ಪಾದ ಹಿಡಿದು ಇಳಿಸುತ್ತಿದ್ದಳು. ನಾಚಿಕೆಯಾಯಿತು, ಸುಳ್ಳೇಕೆ ಹೇಳಲಿ. ಆದರೆ ಯಾರ ಎದೆಯೂ ನನ್ನ ಭಾರಕ್ಕೆ ಬಡಿದುಕೊಳ್ಳುತ್ತಿರಲಿಲ್ಲ.

ಕೆಳಗಿಳಿದ ಮೇಲೆ ಕುಡಿದ ಕಾಫಿಯೂ ನೀರೂ ತಮ್ಮ ಪಾಡಿಗೆ ನೆನಪು ಮಾಡಿದವು. ಶೌಚಾಲಯ ಮೆಟ್ಟಿಲ ಕೆಳಗೆ, ಗೋಡೆ ಬೀರುವಿನಷ್ಟು ಜಾಗದಲ್ಲಿತ್ತು. ಕುರ್ಚಿ ಬಾಗಿಲಲ್ಲೇ ಸಿಕ್ಕಿಕೊಂಡಿತು. ಹೆನ್ನಿ ನನ್ನ ಕಂಕುಳಿಗೆ ಕೈಕೊಟ್ಟು ಎತ್ತಿ ಒಳಗೆ ಕೂರಿಸಿ, ಬಾಗಿಲು ಅರೆ ಮುಚ್ಚಿ, ಆಚೆ ನಿಂತಳು. ಎದುರು ಗೋಡೆಯಲ್ಲಿ ಒಂದು ಕ್ಯಾಲೆಂಡರು. ತಾರೀಖುಗಳ ಮುಂದೆ ಕೈಬರಹದ ಹೆಸರುಗಳು. ಇದೇನೆಂದು ಕೂತಲ್ಲಿಂದಲೇ ಕೇಳಿದೆ. ನೆಂಟರಿಷ್ಟರ ಹುಟ್ಟಿದ ದಿನಗಳು, ನಮ್ಮ ದೇಶದಲ್ಲಿ ಎಲ್ಲರ ಮನೆಯಲ್ಲೂ ಇಲ್ಲೇ ನೇತುಹಾಕುತ್ತಾರೆ, ದಿನಾ ನೋಡುತ್ತೇವಲ್ಲ ಎಂದಳು. ನಾವು ಕ್ಯಾಲೆಂಡರಿನಲ್ಲಿ ಲಕ್ಷ್ಮಿ ಇರುತ್ತಾಳೆಂದು ದೇವರ ಮನೆಯಲ್ಲಿ ಹಾಕುವವರು. ಅಷ್ಟು ಭಯದ ಮಧ್ಯೆಯೂ ನನಗೆ ನಗು ಬಂತು, ನಗುತ್ತಾ ನಗುತ್ತಾ ಅಳು ಬಂತು.

ಆಮೇಲೆ ಅವಳು ತನ್ನ ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದಳು. ಅದೇ ಸೈಟು, ಅದೇ ಕೆಂಪಕ್ಷರ. ಈ ಸಲ ನಾನೇ ಕೂತೆ. ಮೊದಲು ಗಾಲಿಕುರ್ಚಿಯ ಗುರುತಿದ್ದವನ್ನು ಮಾತ್ರ ಬೇರೆ ಮಾಡಿದೆವು. ಊರ ನಡುವಿನವೆಲ್ಲ ಉದುರಿಹೋದವು. ದೊಡ್ಡ ದೊಡ್ಡ ಹೋಟೆಲುಗಳು ಉಳಿದವು, ನಮ್ಮ ಕೈಗೆ ಎಟುಕದವು. ಹೆನ್ನಿ ಊರಾಚೆಗೆ ಹುಡುಕು ಎಂದಳು. ಆ ಗುರುತನ್ನೂ ನಂಬಬೇಡ, ಕೆಲವರು ಬಾಗಿಲಿಗೆ ಹಲಗೆ ಹಾಕಿ ಗುರುತು ಹಾಕಿಕೊಳ್ಳುತ್ತಾರೆ, ಒಳಗೆ ಬಚ್ಚಲು ಹಳೆಯದೇ ಇರುತ್ತದೆ ಎಂದಳು. ಹಾಗಾಗಿ ಒಂದೊಂದಕ್ಕೂ ಅವಳೇ ಫೋನ್ ಮಾಡಿದಳು. ಬಚ್ಚಲ ಬಾಗಿಲು ಅಳೆದು ಹೇಳಿ ಎಂದು ದಬಾಯಿಸಿದಳು. ಒಬ್ಬರು ನಾಳೆ ಹೇಳುತ್ತೇವೆ ಎಂದರು, ಒಬ್ಬರಿಗೆ ಟೇಪು ಸಿಗಲಿಲ್ಲ, ಒಬ್ಬರ ಕೋಣೆ ತುಂಬಿತ್ತು. ಹೊರಗೆ ಮಬ್ಬಾಗುತ್ತಾ ಬಂತು, ನನಗೆ ಮತ್ತೆ ಬಾಯಿ ಒಣಗಿತು. ಈ ಊರಿನಲ್ಲಿ ಎಲ್ಲೂ ಜಾಗವಿಲ್ಲದಿದ್ದರೆ ಮರಳಿ ವಿಮಾನ ನಿಲ್ದಾಣಕ್ಕೆ ಹೋಗಿ ಕೂರುವುದು ಎಂದು ಮನಸ್ಸಿನಲ್ಲೇ ಗಟ್ಟಿಮಾಡಿದೆ.

ಕೊನೆಗೊಂದು ಸಿಕ್ಕಿತು. ಹೊಲಗಳ ನಡುವೆ, ಹೆದ್ದಾರಿ ಪಕ್ಕದ ಹೋಟೆಲು. ಅಲ್ಲಿಯವನು ಅಳೆದು ಬಂದು ಅಗಲ ಹೇಳಿದ, ನನ್ನ ಕುರ್ಚಿ ಹಿಡಿಸುತ್ತಿತ್ತು. ಬೇಡಿಕೆಯ ಖಾನೆ ಬಂತು. ನಾನೇ ಒಂದೊಂದೇ ಅಕ್ಷರ ಒತ್ತಿದೆ. ನನಗೆ ನಡೆಯಲು ಬರುವುದಿಲ್ಲ. ಗಾಲಿಕುರ್ಚಿಯಲ್ಲಿ ಬರುತ್ತೇನೆ. ಒಂದು ಮೆಟ್ಟಿಲೂ ಇರಕೂಡದು. ನನ್ನ ಅಣ್ಣನ ಕೈಲಿ ಭಾರ ಎತ್ತಿಸಬೇಡಿ. ಅಣ್ಣಯ್ಯ ನನ್ನ ಹಿಂದೆ ನಿಂತಿದ್ದ. ಅವನಿಗೆ ಇಂಗ್ಲಿಷು ಓದಲು ನಿಧಾನ. ಕೊನೆಯ ಸಾಲಿನ ತನಕ ಓದಿದನೆಂದು ಅವನ ಉಸಿರಿನಿಂದ ತಿಳಿಯಿತು.

ಹೊಲದ ನಡುವೆ

ಹಲಗೆ ಇಳಿಸುವ ವ್ಯಾನೊಂದನ್ನು ಹೆನ್ನಿ ಕರೆಸಿದ್ದಳು. ಕುರ್ಚಿ ಸಮೇತ ಒಳಗೆ ಹೋದೆ. ದಾರಿಯುದ್ದಕ್ಕೂ ನಾನು ಒಂದೇ ಜಪ ಮಾಡಿದ್ದು, ಬಚ್ಚಲ ಬಾಗಿಲು, ಬಚ್ಚಲ ಬಾಗಿಲು. ಫೋನಿನಲ್ಲಿ ಹೇಳಿದ್ದು ಸುಳ್ಳಾಗಿದ್ದರೆ? ಬಾಗಿಲು ಅಗಲವಿದ್ದು ಹೊಸ್ತಿಲು ಎತ್ತರವಿದ್ದರೆ? ಅಣ್ಣಯ್ಯ ಮತ್ತೆ ಬೆನ್ನು ಕೊಟ್ಟರೆ?

ಹೊಸ್ತಿಲು ಇರಲಿಲ್ಲ. ಕೋಣೆಯ ನೆಲ ಬಚ್ಚಲಿಗೆ ಹಾಗೇ ಹರಿದುಹೋಗಿತ್ತು. ನೀರು ಹೋಗಲು ಮೂಲೆಗೆ ಒಂಚೂರು ಇಳಿಜಾರು, ಗೋಡೆಗೆ ಹಿಡಿಕೆಗಳು, ಷವರಿನ ಕೆಳಗೆ ಮಡಿಸುವ ಸೀಟು. ಕುರ್ಚಿ ನೂಕಿಕೊಂಡು ಒಳಗೆ ಹೋಗಿ ಒಳಗಿನಿಂದ ಚಿಲಕ ಹಾಕಿದೆ. ಹೊಳೆನರಸೀಪುರದ ಮನೆಯಲ್ಲೂ ನನ್ನ ಬಚ್ಚಲಿಗೆ ಚಿಲಕವಿಲ್ಲ. ಬಿದ್ದರೆ ಯಾರಾದರೂ ಬರಬೇಕಲ್ಲ ಎಂದು ತೆಗೆಸಿದ್ದರು. ಚಿಲಕ ಬಿದ್ದ ಸದ್ದು ಕೇಳಿ ನಾನು ಹಾಗೇ ಕೂತುಬಿಟ್ಟೆ. ಸುಖವಾಯಿತು ಎಂದರೆ ಸಾಲದು.

ಎಷ್ಟು ಹೊತ್ತಾಯಿತೋ. ಅಣ್ಣಯ್ಯ ಬಾಗಿಲು ಬಡಿದ.

“ಅಮ್ಮಿ, ಬಿದ್ಯಾ?”

“ಇಲ್ಲ ಅಣ್ಣಯ್ಯ. ಸುಮ್ನೆ ಕೂತಿದೀನಿ.”

ಅವನು ಬಾಗಿಲಾಚೆಯೇ ನಿಂತಿದ್ದ. ಅವನ ಕಾಲಿನ ನೆರಳು ಬಾಗಿಲ ಸಂದಿಯಲ್ಲಿ ಕಾಣುತ್ತಿತ್ತು. ಆಮೇಲೆ ಹೋಗಿ ಮಂಚದ ಮೇಲೆ ಕೂತ ಸದ್ದಾಯಿತು.

ಬೆಳಗ್ಗೆ ತಿಂಡಿಗೆ ಅಲ್ಲಿಯ ಜನ ಬ್ರೆಡ್ಡಿಗೆ ಬೆಣ್ಣೆ ಸವರಿ ಅದರ ಮೇಲೆ ಚಾಕೊಲೇಟಿನ ಸಣ್ಣ ಕಾಳು ಉದುರಿಸಿಕೊಂಡು ತಿನ್ನುತ್ತಿದ್ದರು. ಮಕ್ಕಳಲ್ಲ, ಟೈ ಕಟ್ಟಿದ ಗಂಡಸರು. ಅಣ್ಣಯ್ಯ ಅದನ್ನು ನೋಡುತ್ತಾ, ಅತ್ತಿಗೆ ಕಟ್ಟಿಕೊಟ್ಟಿದ್ದ ಚಟ್ನಿಪುಡಿಯನ್ನು ಅದೇ ಠೀವಿಯಿಂದ ಬ್ರೆಡ್ಡಿಗೆ ಉದುರಿಸಿಕೊಂಡ. ಆದರೆ ಹಿಂದಿನ ದಿನದಿಂದ ಅವನು ಸರಿಯಾಗಿ ಮಾತಾಡಿರಲಿಲ್ಲ. ಕೋಪ ಬಂದಿದೆಯೋ, ಎದೆ ನೋಯುತ್ತಿದೆಯೋ ಗೊತ್ತಾಗದೆ ನಾನು ಮತ್ತೆ ಅವನ ಉಸಿರು ಕೇಳತೊಡಗಿದೆ.

ಏರಿಯ ಮೇಲೆ

ಸಮುದ್ರದ ಏರಿಗೆ ಸೈಕಲ್ಲಿನವರಿಗೆಂದು ಇಳಿಜಾರು ದಾರಿ ಮಾಡಿದ್ದರು. ನಾನು ಕೈಯಲ್ಲೇ ಗಾಲಿ ತಿರುಗಿಸಿಕೊಂಡು ಹತ್ತಿದೆ. ಅಣ್ಣಯ್ಯ ಹಿಂದಿನಿಂದ ಹಿಡಿಕೆ ಹಿಡಿಯಲು ಬಂದ, ಬೇಡ ಎಂದೆ. ನಡುವೆ ನಿಂತು ನಿಂತು ಹತ್ತಿದೆ. ಅವನು ಪಕ್ಕದಲ್ಲಿ ಬರಿಗೈಯಲ್ಲಿ ನಡೆದುಬಂದ. ಆ ಕೈಗಳನ್ನು ಎಲ್ಲಿಡಬೇಕೆಂದು ಅವನಿಗೆ ತಿಳಿಯುತ್ತಿರಲಿಲ್ಲ, ಕೊನೆಗೆ ಬೆನ್ನ ಹಿಂದೆ ಕಟ್ಟಿಕೊಂಡ.

ಮೇಲೆ ಹೋದರೆ ನಾನು ಬೋರ್ಡಿನ ಮೇಲೆ ಬರೆಯುತ್ತಿದ್ದ ಚಿತ್ರವೇ. ಎಡಗಡೆ ಸಮುದ್ರ, ಬೂದು ಬಣ್ಣ, ಏರಿಗೆ ಬಡಿಯುತ್ತಿತ್ತು. ಬಲಗಡೆ ಅದಕ್ಕಿಂತ ಎಷ್ಟೋ ಕೆಳಗೆ ಹಸಿರು ಹುಲ್ಲು, ಹಸುಗಳು, ಒಂದು ಮನೆ, ಹಗ್ಗದ ಮೇಲೆ ಒಣಗಲು ಹಾಕಿದ ಬಟ್ಟೆ. ಒಬ್ಬ ಹೆಂಗಸು ಸಮುದ್ರಕ್ಕೆ ಬೆನ್ನು ಮಾಡಿಕೊಂಡು ಆ ಬಟ್ಟೆ ತೆಗೆಯುತ್ತಿದ್ದಳು. ಮಕ್ಕಳು ನಂಬದಿದ್ದದ್ದರಲ್ಲಿ ತಪ್ಪಿಲ್ಲ. ಕಣ್ಣಲ್ಲಿ ಕಂಡರೂ ನಂಬಲು ಭಯವಾಗುತ್ತದೆ.

ಅಣ್ಣಯ್ಯ ನೀರು ನೋಡಿದ, ಆ ಮನೆ ನೋಡಿದ, ಮತ್ತೆ ನೀರು ನೋಡಿದ. ಗೊರೂರು ಅಣೆಕಟ್ಟೆಯ ಮೇಲೆ ನಿಂತಾಗಲೂ ಅವನು ಹೀಗೇ ಮಾಡುತ್ತಾನೆ. ಇದು ಒಡೆದರೆ ಏನು ಗತಿ ಎಂದು ಕೇಳಿದ. ಹಗಲೂ ರಾತ್ರಿ ಕಾಯುವವರಿದ್ದಾರೆ, ಬಿರುಕಿದ್ದರೆ ಮುಚ್ಚಿಡದೆ ಮೊದಲು ಹೇಳುತ್ತಾರೆ ಎಂದು ಪಾಠದಲ್ಲಿದ್ದದ್ದನ್ನು ಹೇಳಿದೆ. ಅವನು ತಲೆಯಾಡಿಸಿದ. ಗಾಳಿಗೆ ಅವನ ಮಫ್ಲರು ಹಾರುತ್ತಿತ್ತು. ನನ್ನ ಕಡೆ ನೋಡದೆ ಕೇಳಿದ.

“ಅಮ್ಮಿ, ನಾನು ಎತ್ಕಂಡಾಗ್ಲೆಲ್ಲ ನಿಂಗೆ ಭಯ ಆಯ್ತಿತ್ತಾ?”

“ಆಗ್ತಿತ್ತು ಅಣ್ಣಯ್ಯ. ಪ್ರತಿ ಸಲಾನೂ.”

“ವಸೀನಾ?”

“ವಸಿ ಅಲ್ಲ.”

ಕೆಳಗೆ ಆ ಹೆಂಗಸು ಬಟ್ಟೆಯ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು.

“ನಂಗೂ ಆಯ್ತಿತ್ತು ಕಣಮ್ಮಿ,” ಎಂದ. “ಸ್ಕೂಲಿಗೆ ಒತ್ಕಂಡು ಓಯ್ತಿದ್ನಲ್ಲ, ಅವಾಗಿಂದ್ಲೂ. ಎಲ್ಲಿ ಬೀಳುಸ್ಬುಡ್ತೀನೋ ಅಂತ.”

ಅವನ ಕೈ ಹಿಡಿದುಕೊಂಡೆ. ತಣ್ಣಗಿತ್ತು. ನಲವತ್ತು ವರ್ಷ ಇಬ್ಬರೂ ಒಂದೇ ಭಯವನ್ನು ಒಬ್ಬರು ಹೊತ್ತು, ಒಬ್ಬರು ಬೆನ್ನ ಮೇಲೆ ಕೂತು ಮುಚ್ಚಿಟ್ಟುಕೊಂಡಿದ್ದೆವು. ನಾನು ಅವನಿಗೆ ಕಣ್ಣೊರೆಸಿಕೊಳ್ಳಲು ಬಿಟ್ಟು ಸಮುದ್ರದ ಕಡೆ ಮುಖ ತಿರುಗಿಸಿದೆ.

ಹಿಂದಕ್ಕೆ ಹೋಗುವ ಬಸ್ಸು ಏರಿಯ ಕೆಳಗಿನ ರಸ್ತೆಯಲ್ಲಿ ಬರುವುದು ಕಂಡಿತು. ಇಳಿಜಾರು ಇಳಿದು ನಾವು ಹೋಗುವಷ್ಟರಲ್ಲಿ ನಿಲ್ದಾಣಕ್ಕೆ ಬಂದು ನಿಂತಿತ್ತು. ಬಸ್ಸಿನ ಬಾಗಿಲು ತೆರೆಯಿತು. ನಾನು ಹೇಳಬೇಕೆಂದು ಬಾಯಿ ತೆರೆಯುವ ಮೊದಲೇ ಅಣ್ಣಯ್ಯ ಮುಂದೆ ಹೋಗಿ, ಎರಡೂ ಕೈಯೆತ್ತಿ, ಚನ್ನರಾಯಪಟ್ಟಣದ ಹರಾಜಿನ ಕಟ್ಟೆಯಲ್ಲಿ ಕೂಗುವ ದನಿಯಲ್ಲಿ ಡ್ರೈವರಿಗೆ ಹೇಳಿದ.

“ಸಿಸ್ಟರ್ ನೋ ವಾಕ್. ಒನ್ ಸ್ಟೆಪ್ ಆಲ್ಸೋ ನೋ.”

ಬಸ್ಸಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅಣ್ಣಯ್ಯ ಯಾರ ಕಡೆಯೂ ನೋಡಲಿಲ್ಲ. ಡ್ರೈವರು ಎದ್ದು ಬಂದು ಹಲಗೆ ಇಳಿಸಿದ. ನಾನು ಹತ್ತಿದೆ, ಅಣ್ಣಯ್ಯ ನನ್ನ ಹಿಂದೆ, ಬೆನ್ನು ನೆಟ್ಟಗೆ ಮಾಡಿಕೊಂಡು ಬಂದ.